ಉಬ್ಬರ ಏರುವ ತನಕ ಕೂತರೆ

ಕಡಲಂಚಿನ ಜೌಗಿಗೆ ಹಕ್ಕಿ ನೋಡಲು ಹೊಸದಾಗಿ ಹೊರಟವರು ಕೇಳುವ ಮೊದಲ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಬೆಳಗ್ಗೆ ಎಷ್ಟು ಗಂಟೆಗೆ ಹೋಗಬೇಕು?" ಕಾಡಿನ ಹಕ್ಕಿ ನೋಡಿ ರೂಢಿಯಾದವರಿಗೆ ಇದು ಸಹಜ. ಕಾಡಲ್ಲಿ ಹೊತ್ತು ಮೂಡುವುದರೊಳಗೆ ತಲುಪಿದರೆ ಅರ್ಧ ಕೆಲಸ ಆದ ಹಾಗೆ. ಬಿಸಿಲೇರಿದ ಮೇಲೆ ಎಲ್ಲವೂ ಬಾಯಿ ಮುಚ್ಚಿಕೊಂಡು ನೆರಳು ಸೇರುತ್ತವೆ. ಕಡಲಂಚಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಬೆಳಗಿನ ಆರಕ್ಕೆ ಹೋದರೂ ಬರೀ ನೀರು ಕಾಣಬಹುದು. ಮಧ್ಯಾಹ್ನ ಎರಡರ ಸುಡುಬಿಸಿಲಲ್ಲಿ ಸಾವಿರಾರು ಹಕ್ಕಿ ಕಾಣಬಹುದು. ನಾನು ಕೊಡುವ ಉತ್ತರ ಇಷ್ಟೇ: ಗಡಿಯಾರ ಆಮೇಲೆ, ಮೊದಲು ಉಬ್ಬರ ಇಳಿತದ ಪಟ್ಟಿ ನೋಡಿ.

ಈ ಪಟ್ಟಿ ಈಗ ಫೋನಿನಲ್ಲೇ ಸಿಗುತ್ತದೆ. ಹೆಚ್ಚಿನ ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡೂವರೆ ಗಂಟೆ. ಹಾಗಾಗಿ ಇವತ್ತಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ತುಂಬಾ ಮೇಲೇರುತ್ತದೆ, ಅಷ್ಟೇ ದೂರ ಹಿಂದೆ ಸರಿಯುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ. ಕಡಲ ಕಡೆಯಿಂದ ಜೋರು ಗಾಳಿ ಬೀಸಿದರೆ ಪಟ್ಟಿಯಲ್ಲಿ ಬರೆದದ್ದಕ್ಕಿಂತ ನೀರು ಇನ್ನಷ್ಟು ಒಳಗೆ ಬರುತ್ತದೆ. ಇಷ್ಟು ಗೊತ್ತಿದ್ದರೆ ಸಾಕು, ಹೋಗಿ ನಿರಾಸೆಯಾಗುವುದು ಬಹಳ ತಪ್ಪುತ್ತದೆ.

ಆದರೆ ಪಟ್ಟಿ ನೋಡಿ ಹೋಗುವವರಲ್ಲೂ ಹೆಚ್ಚಿನವರು ಒಂದು ಗಂಟೆ ನೋಡಿ, ಫೋಟೋ ತೆಗೆದು, ಹೊರಟುಬಿಡುತ್ತಾರೆ. ನನ್ನ ಸಲಹೆ ಸ್ವಲ್ಪ ಹಟದ್ದು. ನೀರು ಪೂರ್ತಿ ಇಳಿದಾಗ ಹೋಗಿ ಕೂತರೆ, ಅದು ಪೂರ್ತಿ ಏರುವ ತನಕ ಏಳಬೇಡಿ. ಅಂದರೆ ಆರು ಗಂಟೆ, ಒಂದೇ ಜಾಗದಲ್ಲಿ. ನೀರಿನ ಬಾಟಲಿ, ಟೋಪಿ, ಕೂರಲು ಏನಾದರೂ ಒಂದು ಇರಲಿ. ಬೇಸರ ಬರುತ್ತದೆ, ಸುಳ್ಳು ಹೇಳುವುದಿಲ್ಲ. ನಡುವಿನ ಎರಡು ಗಂಟೆಯಂತೂ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಆದರೂ ಕಡಲಂಚಿನ ಹಕ್ಕಿಯ ಬದುಕು ಏನು ಅಂತ ತಿಳಿಯಲು ನನಗೆ ಗೊತ್ತಿರುವ ದಾರಿ ಇದೊಂದೇ.

ನೀರು ಇಳಿದಾಗ ಮೊದಲು ಕಾಣುವುದು ಕೆಸರು. ಕಣ್ಣು ಹಾಯಿಸಿದಷ್ಟು ದೂರ ಬೂದು ಬಣ್ಣದ ಬಯಲು. ಮೊದಲ ಸಲ ಬಂದವರಿಗೆ ಅದು ಖಾಲಿ ಜಾಗ. ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ ಬೇರೆ. ಮೇಲ್ಪದರ ಕಂದು, ಬೆರಳಷ್ಟು ಕೆರೆದರೆ ಒಳಗೆ ಕಪ್ಪು. ಆ ಕಪ್ಪು ಪದರಕ್ಕೆ ಗಾಳಿ ತಲುಪುವುದಿಲ್ಲ. ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳು ಅಲ್ಲಿ ಕೆಲಸ ಮಾಡುತ್ತವೆ, ವಾಸನೆ ಅವುಗಳದ್ದು. ಕೆಟ್ಟ ವಾಸನೆ ಅಂದರೆ ಕೆಟ್ಟ ಜಾಗ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಹಾಗಲ್ಲ. ಮೇಲಿನ ಪದರದಲ್ಲಿ ಹುಳು, ಪುಟಾಣಿ ಬಸವನಹುಳು, ಕಪ್ಪೆಚಿಪ್ಪು, ಏಡಿ ಎಲ್ಲ ತುಂಬಿರುತ್ತವೆ. ಕೆಸರಿನ ಮೇಲೆ ಬಿಸಿಲಿಗೆ ಹೊಳೆಯುವ ಒಂದು ಜಿಡ್ಡು ಪೊರೆ ಇರುತ್ತದೆ, ನೋಡಿದ್ದೀರಾ? ಸೂಕ್ಷ್ಮ ಪಾಚಿ, ಬ್ಯಾಕ್ಟೀರಿಯಾ, ಅವುಗಳ ಲೋಳೆ ಸೇರಿ ಆದದ್ದು ಅದು. ಅದೂ ಊಟವೇ. ಕೆನಡಾದ ಫ್ರೇಸರ್ ನದಿಯ ಅಳಿವೆಯಲ್ಲಿ ವೆಸ್ಟರ್ನ್ ಸ್ಯಾಂಡ್‌ಪೈಪರ್ ಎಂಬ ಪುಟ್ಟ ಹಕ್ಕಿಯನ್ನು ಗಮನಿಸಿದ ಸಂಶೋಧಕರು, ಅದರ ಊಟದ ಅರ್ಧದಷ್ಟು ಈ ಪೊರೆಯೇ ಅಂತ 2008ರಲ್ಲಿ ತೋರಿಸಿದರು. ಅದರ ನಾಲಿಗೆಯ ತುದಿಯಲ್ಲಿ ಪೊರೆ ಕೆರೆದುಕೊಳ್ಳಲು ಸಣ್ಣ ಮುಳ್ಳುಕೂದಲುಗಳಿವೆ. ಅದಕ್ಕೆ ಮುಂಚೆ ಎಷ್ಟೋ ಜನ ಆ ಹಕ್ಕಿ ಕೆಸರು ಕುಟ್ಟುವುದನ್ನು ನೋಡಿ "ಹುಳ ತಿನ್ನುತ್ತಿದೆ" ಅಂತ ಬರೆದುಕೊಂಡು ಹೋಗಿದ್ದರು.

ಹಕ್ಕಿಗಳು ಕೆಸರಿನ ಮೇಲೆ ಹರಡಿಕೊಳ್ಳುವುದರಲ್ಲಿ ಒಂದು ಕ್ರಮ ಇದೆ. ಪ್ಲವರ್ ಎಂಬ ಹಕ್ಕಿಗಳಿಗೆ ದೊಡ್ಡ ಕಣ್ಣು, ಗಿಡ್ಡ ಕೊಕ್ಕು. ನಾಲ್ಕು ಹೆಜ್ಜೆ ಓಡುತ್ತವೆ, ತಟ್ಟನೆ ನಿಲ್ಲುತ್ತವೆ, ನೋಡುತ್ತವೆ, ಕುಕ್ಕುತ್ತವೆ. ಅವುಗಳದ್ದು ಕಣ್ಣಿನ ಬೇಟೆ. ಆದ್ದರಿಂದ ಒಂದಕ್ಕೊಂದು ದೂರ ದೂರ ನಿಲ್ಲುತ್ತವೆ. ಒತ್ತೊತ್ತಾಗಿ ನಿಂತರೆ ಕಾಲಿನ ಸದ್ದಿಗೇ ಹುಳು ಒಳಗೆ ಸೇರಿಬಿಡುತ್ತದೆ. ಸ್ಯಾಂಡ್‌ಪೈಪರ್ ಜಾತಿಯವು ತಲೆ ತಗ್ಗಿಸಿ, ಹೊಲಿಗೆ ಯಂತ್ರದ ವೇಗದಲ್ಲಿ ಕೊಕ್ಕು ಚುಚ್ಚುತ್ತಾ ಗುಂಪಾಗಿ ಸಾಗುತ್ತವೆ. ಅವಕ್ಕೆ ಕೊಕ್ಕಿನ ತುದಿಯೇ ಬೆರಳು. ಉದ್ದ ಕೊಕ್ಕಿನ ಗಾಡ್‌ವಿಟ್‌ಗಳು ಹೊಟ್ಟೆಯ ತನಕ ನೀರಿಗಿಳಿದು ಮುಖ ಪೂರ್ತಿ ಮುಳುಗಿಸುತ್ತವೆ. ಒಂದೇ ಬಯಲು, ಆದರೆ ಒಂದರ ತಟ್ಟೆಗೆ ಇನ್ನೊಂದು ಕೈ ಹಾಕುವುದು ಅಪರೂಪ.

ರೆಡ್ ನಾಟ್ ಎಂಬ ಹಕ್ಕಿಯ ವಿಷಯ ಕೇಳಿದ ಮೇಲೆ ನನಗೆ ಕೊಕ್ಕಿನ ಬಗ್ಗೆ ಇದ್ದ ಕಲ್ಪನೆಯೇ ಬದಲಾಯಿತು. ಅದು ಒದ್ದೆ ಮರಳಿಗೆ ಕೊಕ್ಕು ಚುಚ್ಚಿದಾಗ ಮರಳಿನ ಕಣಗಳ ನಡುವಿನ ನೀರು ಒತ್ತಡಕ್ಕೆ ಒಳಗಾಗುತ್ತದೆ. ಪಕ್ಕದಲ್ಲಿ ಒಂದು ಕಪ್ಪೆಚಿಪ್ಪು ಹುದುಗಿದ್ದರೆ ಆ ಒತ್ತಡ ಅಲ್ಲಿ ತಡೆದು ವ್ಯತ್ಯಾಸವಾಗುತ್ತದೆ. ಕೊಕ್ಕಿನ ತುದಿಯ ನರಗಳು ಆ ವ್ಯತ್ಯಾಸವನ್ನು ಹಿಡಿಯುತ್ತವೆ. ಅಂದರೆ ಮುಟ್ಟದೆಯೇ ಅಲ್ಲಿ ಗಟ್ಟಿ ವಸ್ತು ಇದೆ ಅಂತ ತಿಳಿಯುತ್ತದೆ. ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಇದನ್ನು 1998ರಲ್ಲಿ ಪ್ರಕಟಿಸಿದರು. ಅವರ ಪ್ರಯೋಗದಲ್ಲಿ ಮರಳು ಒದ್ದೆಯಾಗಿದ್ದಾಗ ಹೂತಿಟ್ಟ ಕಲ್ಲನ್ನೂ ಈ ಹಕ್ಕಿಗಳು ಪತ್ತೆ ಮಾಡಿದವು. ಮರಳು ಒಣಗಿದ್ದಾಗ ಆಗಲಿಲ್ಲ. ಸಿಕ್ಕಿದ ಚಿಪ್ಪನ್ನು ಇದು ಒಡೆಯುವುದಿಲ್ಲ, ಇಡಿಯಾಗಿ ನುಂಗುತ್ತದೆ. ಒಡೆಯುವ ಕೆಲಸ ಹೊಟ್ಟೆಯೊಳಗಿನ ಗಟ್ಟಿ ಸ್ನಾಯುವಿನದ್ದು. ಊಟ ಮೆತ್ತಗಿದ್ದರೆ ಆ ಸ್ನಾಯು ಕುಗ್ಗುತ್ತದೆ, ಚಿಪ್ಪು ಜಾಸ್ತಿಯಾದರೆ ಕೆಲವೇ ದಿನಗಳಲ್ಲಿ ಮತ್ತೆ ಬೆಳೆಯುತ್ತದೆ.

ಇವೆಲ್ಲ ಓದಿ ತಿಳಿದದ್ದು. ಕಣ್ಣಾರೆ ಹತ್ತಿರದಿಂದ ನೋಡಿ ನನಗೆ ತೃಪ್ತಿಯಾದದ್ದು ಒಂದು ವಿಂಬ್ರೆಲ್ ಏಡಿ ಹಿಡಿಯುವ ರೀತಿ. ವಿಂಬ್ರೆಲ್ ಅಂದರೆ ಕರ್ಲ್ಯೂ ಎಂಬ ಉದ್ದ ಬಾಗು ಕೊಕ್ಕಿನ ಹಕ್ಕಿಯ ತಮ್ಮನಂಥದ್ದು. ಬಾಗಿದ ಕೊಕ್ಕು, ನೆತ್ತಿಯ ಮೇಲೆ ಪಟ್ಟೆ. ನಾನು ಕೂತಿದ್ದ ಮರೆಯಿಂದ ಬಹಳ ದೂರವಿರಲಿಲ್ಲ, ಟೆಲಿಸ್ಕೋಪಿನಲ್ಲಿ ಅದರ ಕಣ್ಣಿನ ಸುತ್ತಲ ಗರಿಯೂ ಕಾಣುತ್ತಿತ್ತು. ಏಡಿಗಳು ಬಿಲದ ಬಾಯಲ್ಲಿ ಕೂತು ಕೆಸರಿನ ಉಂಡೆ ಮಾಡಿ ಇಡುತ್ತಿದ್ದವು. ಹಕ್ಕಿ ಹತ್ತಿರ ಬಂದರೆ ಆ ಸುತ್ತಿನವೆಲ್ಲ ಒಟ್ಟಿಗೆ ಬಿಲಕ್ಕೆ ಇಳಿಯುತ್ತವೆ. ಹಕ್ಕಿ ಸುಮ್ನೆ ನಿಲ್ಲುತ್ತದೆ. ಆಮೇಲೆ ಒಂದು ಬಿಲಕ್ಕೆ ಕೊಕ್ಕು ಇಳಿಸುತ್ತದೆ, ತಲೆಯನ್ನು ಕೊಂಚ ತಿರುಗಿಸುತ್ತದೆ, ಕೊಕ್ಕಿನ ಬಾಗು ಬಿಲದ ಬಾಗಿಗೆ ಸರಿಯಾಗಿ ಕೂರುವ ತನಕ. ಕೆನ್ನೆಯ ತನಕ ಒಳಗೆ ಹೋಗುತ್ತದೆ. ಏಡಿ ಹೊರಗೆ ಬಂತು, ಒಂದು ಕೊಂಡಿಯಿಂದ ಕೊಕ್ಕನ್ನೇ ಹಿಡಿದುಕೊಂಡು.

ಮುಂದಿನ ಕೆಲಸ ನಿಧಾನದ್ದು. ಅದನ್ನು ಕೆಳಗೆ ಹಾಕಿತು, ಕಾಲು ಹಿಡಿದು ಎತ್ತಿ ಒದರಿತು. ಒಂದು ಕಾಲು ಕಳಚಿ ಬಿತ್ತು. ಏಡಿ ಓಡಲು ನೋಡಿತು, ಮತ್ತೆ ಹಿಡಿಯಿತು, ಮತ್ತೆ ಒದರಿತು. ದೊಡ್ಡ ಕೊಂಡಿ ಹೋದ ಮೇಲೆ ಏಡಿಯ ಜೋರು ಮುಗಿಯಿತು. ಉಳಿದ ಮೈಯನ್ನು ಹತ್ತಿರದ ಗುಂಡಿಯ ತನಕ ಹೊತ್ತುಕೊಂಡು ಹೋಗಿ ನೀರಲ್ಲಿ ಜಾಲಾಡಿಸಿತು. ಕೆಸರು ಹೋಯಿತು. ಕೊಕ್ಕಿನ ತುದಿಯಲ್ಲಿದ್ದದ್ದನ್ನು ಗಂಟಲಿಗೆ ತರಲು ತಲೆಯನ್ನು ಹಿಂದಕ್ಕೆ ಎಸೆದು ಎಸೆದು ಒಂದೊಂದೇ ಇಂಚು ಮೇಲೆ ತಂದಿತು. ನುಂಗಿದ ಮೇಲೆ ಬಿದ್ದ ಕಾಲುಗಳನ್ನು ಹುಡುಕಿ ತಿಂದಿತು. ಒಂದು ಕಾಲನ್ನು ಅಷ್ಟರಲ್ಲೇ ಒಂದು ಕಡಲಕ್ಕಿ ಎತ್ತಿಕೊಂಡು ಹೋಗಿತ್ತು. ವಿಂಬ್ರೆಲ್ ಅದರ ಹಿಂದೆ ಹೋಗಲಿಲ್ಲ. ಹೊಸ ಬಿಲಕ್ಕೆ ನಡೆಯಿತು.

ಇಷ್ಟೊಂದು ಹೊತ್ತು ಒಂದು ಹಕ್ಕಿಗೆ ಕೊಟ್ಟರೆ ನೋಡಿದ ಹಕ್ಕಿಗಳ ಪಟ್ಟಿ ಉದ್ದವಾಗುವುದಿಲ್ಲ, ನಿಜ. ಪಟ್ಟಿಯ ಬಗ್ಗೆ ನನಗೆ ತಕರಾರಿಲ್ಲ. 2002ರಲ್ಲಿ ಶುರುವಾದ ಇ-ಬರ್ಡ್ ಎಂಬ ಆನ್‌ಲೈನ್ ಹಕ್ಕಿ ದಾಖಲೆಗೆ ಜನ ಹಾಕಿದ ಪಟ್ಟಿಗಳಿಂದಲೇ ಯಾವ ಹಕ್ಕಿ ಎಲ್ಲಿ ಕಡಿಮೆಯಾಗುತ್ತಿದೆ ಅಂತ ಇವತ್ತು ಹೇಳಲು ಆಗುತ್ತಿದೆ. ಆದರೆ ಕಡಲಂಚಿನ ಹಕ್ಕಿಗಳು ಪಟ್ಟಿಯ ಹುಮ್ಮಸ್ಸಿನವರನ್ನು ಚೆನ್ನಾಗಿ ಗೋಳು ಹೊಯ್ದುಕೊಳ್ಳುತ್ತವೆ. ಚಳಿಗಾಲದಲ್ಲಿ ಎಲ್ಲವೂ ಬೂದು ಕಂದು. ಪುಸ್ತಕದಲ್ಲಿ ಇಟ್ಟಿಗೆ ಕೆಂಪು ಎದೆ ಅಂತ ಬರೆದಿರುತ್ತದೆ, ಆ ಕೆಂಪು ಅವು ಉತ್ತರಕ್ಕೆ ಹೋಗಿ ಗೂಡು ಕಟ್ಟುವ ಕಾಲದ್ದು. ಲೆಸ್ಸರ್ ಸ್ಯಾಂಡ್ ಪ್ಲವರ್ ಮತ್ತು ಗ್ರೇಟರ್ ಸ್ಯಾಂಡ್ ಪ್ಲವರ್ ಯಾವುದು ಯಾವುದು ಅಂತ ಕೊಕ್ಕಿನ ಉದ್ದ, ಕಾಲಿನ ಬಣ್ಣ ನೋಡಿ ತಲೆ ಕೆಡಿಸಿಕೊಂಡವರು ಕೊನೆಗೂ ಒಂದು ಹಿಡಿತಕ್ಕೆ ಬಂದಿದ್ದರು. 2023ರಲ್ಲಿ ಇ-ಬರ್ಡ್ ಪಟ್ಟಿ ಲೆಸ್ಸರನ್ನೇ ಎರಡು ಜಾತಿಯಾಗಿ ಒಡೆಯಿತು, ಸೈಬೀರಿಯನ್ ಒಂದು, ಟಿಬೆಟನ್ ಒಂದು. ದೂರದ ಕೆಸರಲ್ಲಿ ಬಿಸಿಲ ಝಳಕ್ಕೆ ನಡುಗುತ್ತಾ ಕಾಣುವ ಬೂದು ಚುಕ್ಕೆಯನ್ನು ನೋಡಿ ಇದು ಯಾವುದು ಅಂತ ಖಚಿತವಾಗಿ ಹೇಳುವವರನ್ನು ನಾನು ಗೌರವದಿಂದಲೇ ನಂಬುವುದಿಲ್ಲ. "ಸ್ಯಾಂಡ್ ಪ್ಲವರ್, ಯಾವುದೋ ಒಂದು" ಅಂತ ಬರೆದರೆ ಏನೂ ಕಳೆದುಕೊಳ್ಳುವುದಿಲ್ಲ.

ಝಳದ ಮಾತು ಬಂತಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. ಟೆಲಿಸ್ಕೋಪನ್ನು 60 ಪಟ್ಟು ದೊಡ್ಡದಾಗಿ ಕಾಣುವಂತೆ ತಿರುಗಿಸಿದರೆ ಹಕ್ಕಿ ಹತ್ತಿರ ಬರುತ್ತದೆ ಅನ್ನುವುದು ಅರ್ಧ ಸತ್ಯ. ಕಾದ ಕೆಸರಿನ ಮೇಲಿನ ಗಾಳಿಯೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ. ಮಧ್ಯಾಹ್ನ 20 ಅಥವಾ 30ರಲ್ಲೇ ಚೆನ್ನಾಗಿ ಕಾಣುವುದು. ಸೂರ್ಯ ಬೆನ್ನ ಹಿಂದೆ ಇರುವಂತೆ ಕೂರಬೇಕು. ಇದಿಷ್ಟು ಸರಿಯಿದ್ದರೆ ಸಾಮಾನ್ಯ ಬೈನಾಕ್ಯುಲರ್ ಸಾಕು, ಯಾಕೆ ಅಂದರೆ ಹಕ್ಕಿಗಳು ತಾವೇ ನಿಮ್ಮ ಹತ್ತಿರ ಬರುತ್ತವೆ. ನೀರು ಅವನ್ನು ತಳ್ಳಿಕೊಂಡು ಬರುತ್ತದೆ.

ಉಬ್ಬರ ಶುರುವಾಗುವುದು ಗೊತ್ತೇ ಆಗುವುದಿಲ್ಲ. ಮೊದಲು ಸಣ್ಣ ಕಾಲುವೆಗಳಲ್ಲಿ ನೀರು ಹಿಮ್ಮುಖ ಹರಿಯುತ್ತದೆ. ಆಮೇಲೆ ದೂರದಲ್ಲಿ ಒಂದು ಬೆಳ್ಳಿ ಗೆರೆ. ಹಕ್ಕಿಗಳು ಆ ಗೆರೆಯ ಮುಂದೆ ಮುಂದೆ ಮೇಯುತ್ತಾ ಬರುತ್ತವೆ. ಅಲ್ಲಿಯ ತನಕ ಬಯಲು ತುಂಬಾ ಚೆಲ್ಲಿದ್ದವು ಈಗ ಒಂದು ಪಟ್ಟಿಯಾಗುತ್ತವೆ. ಕುಕ್ಕುವ ವೇಗ ಹೆಚ್ಚುತ್ತದೆ. ಜಗಳವೂ ಹೆಚ್ಚುತ್ತದೆ. ಕೊನೆಯ ಕೆಸರು ಮುಳುಗುವ ತನಕ ಬಿಡುವುದಿಲ್ಲ. ಆಮೇಲೆ ಒಂದೊಂದೇ ಗುಂಪು ಎದ್ದು ನಿಮ್ಮ ತಲೆಯ ಮೇಲಿಂದ ಹಿಂದಕ್ಕೆ ಹೋಗುತ್ತವೆ.

ಎಲ್ಲಿಗೆ ಹೋಗುತ್ತವೆ? ಹಕ್ಕಿ ನೋಡುವವರಲ್ಲೇ ಬಹಳ ಜನ ಈ ಪ್ರಶ್ನೆ ಕೇಳುವುದಿಲ್ಲ. ಕೆಸರಲ್ಲಿ ಮೇಯುವ ಈ ಸಣ್ಣ ಹಕ್ಕಿಗಳಲ್ಲಿ ಹೆಚ್ಚಿನವು ಈಜುತ್ತಾ ಕೂರುವ ಬಾತುಕೋಳಿಗಳಲ್ಲ. ನೀರು ಏರಿದ ಆ ಕೆಲವು ಗಂಟೆ ಅವಕ್ಕೆ ಕಾಲೂರಲು ಒಣ ಜಾಗ ಬೇಕು. ಸುತ್ತ ಬಯಲಾಗಿರಬೇಕು, ಮರ ಪೊದೆ ಇರಬಾರದು, ಬೇಟೆಗಾರ ದೂರದಿಂದಲೇ ಕಾಣಬೇಕು. ಮರಳಿನ ದಿಣ್ಣೆ, ಉಪ್ಪಿನ ಗದ್ದೆಯ ಬದು, ನೀರು ಬಿಟ್ಟ ಸಿಗಡಿ ಹೊಂಡ, ಇಂಥವು. ಊಟದ ಕೆಸರಿಗೂ ಇದಕ್ಕೂ ಹೆಚ್ಚು ದೂರ ಇರಬಾರದು, ಇದ್ದರೆ ತಿಂದದ್ದೆಲ್ಲ ಹಾರಾಟಕ್ಕೇ ಖರ್ಚು.

ಅಂಥ ದಿಣ್ಣೆ ಒಂದು ನಾನು ಹೋಗುವ ಜೌಗಿನ ಪಕ್ಕದಲ್ಲೇ ಇದೆ. ನನಗೆ ತೋರಿಸಿದವರು ಅಲ್ಲಿನ ಕಾವಲುಗಾರರು. ನಾನು ಇನ್ನೇನು ಹೊರಡಬೇಕು ಅಂತ ಚೀಲ ಕಟ್ಟುತ್ತಿದ್ದೆ. "ಈಗಲೇ ಹೊರಟ್ರಾ ಸಾರ್? ಆಟ ಈಗ ಶುರು" ಅಂದರು. ಅವರ ಹಿಂದೆ ನಡೆದೆ. ದಿಣ್ಣೆಯ ಮೇಲೆ ಹಕ್ಕಿಗಳು ಒಂದಕ್ಕೊಂದು ತಾಗುವಷ್ಟು ಒತ್ತಾಗಿ ನಿಂತಿದ್ದವು. ಎಲ್ಲದರ ಮುಖವೂ ಗಾಳಿಯ ಕಡೆ. ಉದ್ದ ಕಾಲಿನವು ನೀರಿನಂಚಲ್ಲಿ, ಗಿಡ್ಡ ಕಾಲಿನವು ಮೇಲೆ. ಒಂದೇ ಕಾಲಲ್ಲಿ ನಿಂತು, ಕೊಕ್ಕು ಬೆನ್ನಿಗೆ ಸಿಕ್ಕಿಸಿ, ಒಂದು ಕಣ್ಣು ಮುಚ್ಚಿ ಮತ್ತೊಂದು ತೆರೆದು. ನೀರು ಏರಿದಾಗ ಅಂಚಿನವು ಒಂಟಿ ಕಾಲಲ್ಲೇ ಕುಪ್ಪಳಿಸಿ ಪಕ್ಕದವನ್ನು ತಳ್ಳುತ್ತಿದ್ದವು. ಎರಡನೇ ಕಾಲು ಇಳಿಸಲು ಅಷ್ಟು ಸೋಮಾರಿತನ.

ಎಣಿಕೆ ಮಾಡುವವರಿಗೆ ಬೇಕಾದ ಹೊತ್ತು ಇದೇ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿ ನಡೆಯುತ್ತಿದೆ, ಬಹುಪಾಲು ಸಂಬಳವಿಲ್ಲದ ಹವ್ಯಾಸಿಗಳಿಂದ. ಇಳಿತದಲ್ಲಿ ಬಯಲು ತುಂಬಾ ಚೆಲ್ಲಿರುವ ಹಕ್ಕಿ ಎಣಿಸುವುದು ಕಷ್ಟ, ಉಬ್ಬರದಲ್ಲಿ ಒಂದೆಡೆ ಸೇರಿದಾಗ ಸುಲಭ. ಮೊದಲು ಹತ್ತು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ಅಂತ ಕಣ್ಣಿಗೆ ಕೂರಿಸಿಕೊಳ್ಳಬೇಕು, ಆಮೇಲೆ ನೂರು, ಆಮೇಲೆ ನೂರರ ತುಂಡುಗಳು. ಹೊಸಬರು ಹೆಚ್ಚಾಗಿ ಕಡಿಮೆ ಎಣಿಸುತ್ತಾರೆ. ಮುಂದಿನ ಸಾಲಿನ ಹಿಂದೆ ಅಡಗಿರುವ ಗಿಡ್ಡ ಹಕ್ಕಿಗಳು ಲೆಕ್ಕಕ್ಕೆ ಬರುವುದೇ ಇಲ್ಲ.

ಪೆರೆಗ್ರಿನ್ ಚಾಣ ಬಂದರೆ ಎಣಿಕೆ ಮುಗಿದ ಹಾಗೆ. ದಿಣ್ಣೆಗೆ ದಿಣ್ಣೆಯೇ ಎದ್ದ ಹಾಗೆ ಗುಂಪು ಮೇಲೇರುತ್ತದೆ. ಎಲ್ಲವೂ ಒಂದೇ ಗಳಿಗೆಯಲ್ಲಿ ಹೊರಳುತ್ತವೆ, ಬಿಳಿ ಹೊಟ್ಟೆ ಕಾಣುತ್ತದೆ, ಮತ್ತೆ ಹೊರಳಿದರೆ ಕಂದು ಬೆನ್ನು. ನಾಯಕ ಯಾರು ಅಂತ ಹಿಂದಿನವರು ತಲೆ ಕೆರೆದುಕೊಂಡಿದ್ದರು. ವೇಯ್ನ್ ಪಾಟ್ಸ್ ಎಂಬವರು ಡನ್ಲಿನ್ ಹಕ್ಕಿಗಳ ಗುಂಪನ್ನು ಸಿನಿಮಾ ಫಿಲ್ಮಿನಲ್ಲಿ ಹಿಡಿದು ಚಿತ್ರ ಚಿತ್ರವಾಗಿ ನೋಡಿ 1984ರಲ್ಲಿ ಉತ್ತರ ಕೊಟ್ಟರು. ನಾಯಕ ಇಲ್ಲ, ಯಾವ ಹಕ್ಕಿಯಿಂದ ಬೇಕಾದರೂ ತಿರುವು ಶುರುವಾಗಬಹುದು. ಅದು ಒಂದರಿಂದ ಪಕ್ಕದ್ದಕ್ಕೆ ದಾಟುವ ವೇಗ, ಒಂದು ಹಕ್ಕಿ ಬೆಚ್ಚಿಬೀಳಲು ತೆಗೆದುಕೊಳ್ಳುವ ಸಮಯಕ್ಕಿಂತಲೂ ಜೋರು. ಅಂದರೆ ಹಕ್ಕಿ ಪಕ್ಕದ ಹಕ್ಕಿಯನ್ನಷ್ಟೇ ನೋಡಿ ತಿರುಗುತ್ತಿಲ್ಲ. ದೂರದಿಂದ ಬರುತ್ತಿರುವ ಅಲೆಯನ್ನು ನೋಡಿ, ತನ್ನ ಸರದಿಗೆ ತಯಾರಾಗಿರುತ್ತದೆ.

ಚಾಣ ಎಬ್ಬಿಸಿದರೆ ಅದರ ಹೊಟ್ಟೆಪಾಡು ಅನ್ನಬಹುದು. ನಾವು ಎಬ್ಬಿಸಿದರೆ? ಹಾರುವ ಗುಂಪಿನ ಫೋಟೋ ಬೇಕು ಅಂತ ಒಬ್ಬರು ದಿಣ್ಣೆಯ ಕಡೆ ಬೇಕಂತಲೇ ನಡೆದು ಹೋದದ್ದನ್ನು ನೋಡಿದ್ದೇನೆ. ಫೋಟೋ ಚೆನ್ನಾಗಿಯೇ ಬಂದಿರಬೇಕು. ಹಕ್ಕಿಗಳು ಕೂರಲು ಜಾಗವಿಲ್ಲದೆ ನೀರಿನ ಮೇಲೆ ಸುತ್ತಿದವು, ಇಳಿದವು, ಮತ್ತೆ ಎದ್ದವು. "ಹಾರಿದರೆ ಏನಾಯ್ತು, ಹಕ್ಕಿ ಅಲ್ವಾ?" ಅಂತ ಅವರು ಕೇಳಿದರು. ಕೇಳಿದ ರೀತಿಯಲ್ಲಿ ಕೊಂಕು ಇರಲಿಲ್ಲ, ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ. ಹಾಗಾಗಿ ಉತ್ತರವನ್ನು ಇಲ್ಲಿ ಬರೆಯುತ್ತೇನೆ.

ಆ ಗುಂಪಿನಲ್ಲಿ ಬಾರ್-ಟೇಲ್ಡ್ ಗಾಡ್‌ವಿಟ್‌ಗಳಿದ್ದವು. ಈ ಜಾತಿಯ ಒಂದು ಹೆಣ್ಣು ಹಕ್ಕಿಗೆ ಇ7 ಅಂತ ಗುರುತು ಹಾಕಿ, ಉಪಗ್ರಹದ ಟ್ರಾನ್ಸ್‌ಮಿಟರ್ ಅಳವಡಿಸಿದ್ದರು. ಅದು 2007ರಲ್ಲಿ ಅಲಾಸ್ಕಾದಿಂದ ನ್ಯೂಜಿಲೆಂಡಿಗೆ ಶಾಂತ ಸಾಗರವನ್ನು ಒಂದೇ ಹಾರಾಟದಲ್ಲಿ ದಾಟಿತು. 11,000 ಕಿಲೋಮೀಟರಿಗೂ ಹೆಚ್ಚು, ಎಂಟು ದಿನಕ್ಕೂ ಹೆಚ್ಚು. 2022ರಲ್ಲಿ ಸುಮಾರು ಐದು ತಿಂಗಳ ಮರಿಯೊಂದು ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರು ಹಾರಿತು, 11 ದಿನ, ನಡುವೆ ಎಲ್ಲೂ ಇಳಿಯದೆ. ದಾರಿ ತೋರಿಸಲು ಅಪ್ಪ ಅಮ್ಮ ಜೊತೆಗಿರಬೇಕು ಅಂತಲೂ ಇಲ್ಲ, ದೊಡ್ಡವು ಮರಿಗಳಿಗಿಂತ ಮುಂಚೆಯೇ ಹೊರಟುಬಿಡುವುದುಂಟು. ಇಂಥ ಪ್ರಯಾಣಕ್ಕೆ ಮುಂಚೆ ಈ ಹಕ್ಕಿಗಳು ಮೈತೂಕದ ಅರ್ಧದಷ್ಟು ಕೊಬ್ಬು ತುಂಬಿಕೊಳ್ಳುತ್ತವೆ. ದಾರಿಯಲ್ಲಿ ಊಟವಿಲ್ಲವಲ್ಲ, ಕರುಳು, ಪಿತ್ತಜನಕಾಂಗದಂಥ ಅಂಗಗಳನ್ನೇ ಕುಗ್ಗಿಸಿಕೊಂಡು ಹೊರೆ ಇಳಿಸುತ್ತವೆ. ಆ ಕೊಬ್ಬೆಲ್ಲ ಬರುವುದು ಕೆಸರಿನಿಂದ. ಆ ಕೆಸರು ತೆರೆದಿರುವುದು ಇಳಿತದ ಹೊತ್ತಿನಲ್ಲಿ ಮಾತ್ರ. ಒಂದು ಸಲ ಎಬ್ಬಿಸಿದರೆ ಪ್ರಾಣ ಹೋಗುವುದಿಲ್ಲ. ಪ್ರತಿ ಉಬ್ಬರಕ್ಕೂ ಯಾರೋ ಒಬ್ಬರು ಬಂದರೆ ತಿಂದದ್ದು ಮೈಗೆ ಸೇರುವುದಿಲ್ಲ.

ಸಂರಕ್ಷಿತ ಜಾಗ ಅಂತ ಫಲಕ ಹಾಕಿದರೆ ಹಕ್ಕಿ ಕ್ಷೇಮ ಅಂತ ನಾನೂ ನಂಬಿಕೊಂಡಿದ್ದ ಕಾಲ ಇತ್ತು. ಆ ನಂಬಿಕೆಯನ್ನು ಅಲ್ಲಾಡಿಸಿದ್ದು ಮೊರಾಕ್ಕೊದ ಮೆರ್ಜಾ ಝೆರ್ಗಾ ಎಂಬ ಕಡಲ ಹಿನ್ನೀರಿನ ಕತೆ. 1980ರಲ್ಲೇ ರಾಮ್ಸರ್ ಪಟ್ಟಿಗೆ ಸೇರಿದ ಜಾಗ ಅದು. ರಾಮ್ಸರ್ ಅಂದರೆ 1971ರಲ್ಲಿ ಇರಾನಿನ ಆ ಹೆಸರಿನ ಊರಿನಲ್ಲಿ ಆದ ಜೌಗು ಭೂಮಿ ಒಪ್ಪಂದ. ಇಳಿತದಲ್ಲಿ ಆರು ಮೀಟರಿಗಿಂತ ಆಳವಿಲ್ಲದ ಕಡಲನ್ನೂ ಅದು ಜೌಗು ಅಂತಲೇ ಲೆಕ್ಕ ಹಿಡಿಯುತ್ತದೆ. ಮೆರ್ಜಾ ಝೆರ್ಗಾಕ್ಕೆ ಚಳಿಗಾಲದಲ್ಲಿ ಸ್ಲೆಂಡರ್-ಬಿಲ್ಡ್ ಕರ್ಲ್ಯೂ ಎಂಬ ಹಕ್ಕಿ ಬರುತ್ತಿತ್ತು. ಒಂದು ಕಾಲಕ್ಕೆ ಅದು ಮೆಡಿಟರೇನಿಯನ್ ಸುತ್ತ ಗುಂಪು ಗುಂಪಾಗಿ ಕಾಣುತ್ತಿದ್ದ ಹಕ್ಕಿ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನಿಶ್ಚಿತವಾಗಿ ನೋಡಬಹುದಾದ ಜಾಗ ಅಂದರೆ ಇದೊಂದೇ ಅನ್ನುವಂತಾಗಿತ್ತು. ಯುರೋಪಿನಿಂದ ಹಕ್ಕಿ ನೋಡುವವರು ಅದಕ್ಕಾಗಿಯೇ ಬರುತ್ತಿದ್ದರು. ಬೆರಳೆಣಿಕೆಯಷ್ಟು ಹಕ್ಕಿ, ಆಮೇಲೆ ಅದಕ್ಕಿಂತ ಕಡಿಮೆ. 1995ರ ಫೆಬ್ರವರಿಯಲ್ಲಿ ಕಂಡದ್ದೇ ಎಲ್ಲರೂ ಒಪ್ಪುವ ಕೊನೆಯ ದಾಖಲೆ.

ಅದನ್ನು ಕಾಪಾಡಬೇಕು ಅಂದವರಿಗೆ ಎದುರಾದ ಕಷ್ಟ ವಿಚಿತ್ರವಾಗಿತ್ತು. ಹಕ್ಕಿ ಗೂಡು ಕಟ್ಟುವುದು ಎಲ್ಲಿ ಅಂತಲೇ ಗೊತ್ತಿರಲಿಲ್ಲ. ಸೈಬೀರಿಯಾದ ತಾರಾ ಎಂಬ ಊರಿನ ಬಳಿ 1909ರಿಂದ 1925ರ ನಡುವೆ ಕೆಲವು ಗೂಡು ಸಿಕ್ಕಿದ್ದವು, ಅಷ್ಟೇ. ಆಮೇಲೆ ಹುಡುಕಿದವರಿಗೆ ಯಾರಿಗೂ ಸಿಗಲಿಲ್ಲ. ಚಳಿಗಾಲದ ಮನೆಗೆ ಕಾವಲಿತ್ತು. ಗೂಡಿನ ಹುಲ್ಲುಗಾವಲು, ನಡುವಿನ ತಂಗುದಾಣ, ಬೇಟೆಗಾರರ ಬಂದೂಕು, ಇವು ಯಾವುದೂ ಆ ಬೇಲಿಯ ಒಳಗೆ ಬರಲಿಲ್ಲ. 2024ರಲ್ಲಿ ಸಂಶೋಧಕರು ಎಲ್ಲ ದಾಖಲೆಗಳನ್ನೂ ಒಟ್ಟು ಹಾಕಿ, ಇದು ಅಳಿದುಹೋಗಿದೆ ಅನ್ನುವ ತೀರ್ಮಾನಕ್ಕೆ ಬಂದರು. 2025ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ ಅದನ್ನು ಅಧಿಕೃತವಾಗಿ ಅಳಿದ ಜಾತಿಗಳ ಸಾಲಿಗೆ ಸೇರಿಸಿತು. ವಿಂಬ್ರೆಲ್ ಏಡಿ ತಿನ್ನುವುದನ್ನು ನೋಡುವಾಗ ನನಗೆ ಈ ಹಕ್ಕಿ ನೆನಪಾಗುತ್ತದೆ. ಅದೂ ಹೀಗೆಯೇ, ಟೆಲಿಸ್ಕೋಪು ಹಿಡಿದವರ ಕಣ್ಣೆದುರೇ ಕೆಸರಲ್ಲಿ ಮೇಯುತ್ತಿತ್ತು.

ಹಳದಿ ಸಮುದ್ರದ್ದು ಇನ್ನೊಂದು ಥರ. ಚೀನಾ ಮತ್ತು ಕೊರಿಯಾದ ನಡುವಿನ ಆ ಕಡಲ ಅಂಚಿನಲ್ಲಿ ಐವತ್ತು ವರ್ಷಗಳಲ್ಲಿ ಶೇಕಡಾ 65ರ ತನಕ ಕೆಸರು ಬಯಲು ಹೋಗಿದೆ ಅಂತ ಹಳೆಯ ನಕ್ಷೆ ಮತ್ತು ಉಪಗ್ರಹ ಚಿತ್ರ ಹೋಲಿಸಿದವರು 2014ರಲ್ಲಿ ಬರೆದರು. ದಕ್ಷಿಣ ಕೊರಿಯಾದ ಸೇಮಾಂಗಮ್‌ನಲ್ಲಿ 33 ಕಿಲೋಮೀಟರು ಉದ್ದದ ಕಡಲಗೋಡೆ 2006ರಲ್ಲಿ ಎರಡು ನದಿಗಳ ಅಳಿವೆಯನ್ನು ಮುಚ್ಚಿತು. ಗ್ರೇಟ್ ನಾಟ್ ಎಂಬ ಹಕ್ಕಿ ಅಲ್ಲಿ ಭಾರೀ ಸಂಖ್ಯೆಯಲ್ಲಿ ಇಳಿಯುತ್ತಿತ್ತು. ಪಕ್ಕದ ಕೆಸರಿಗೆ ಹೋಗಿಕೊಳ್ಳುತ್ತವೆ ಬಿಡಿ ಅಂತ ಗೋಡೆಯ ಪರ ಇದ್ದವರು ಹೇಳಿದ್ದರು. ಪಕ್ಕದಲ್ಲಿ ಹೆಚ್ಚಾಗಲಿಲ್ಲ. ಅವು ಚಳಿಗಾಲ ಕಳೆಯುವ ಆಸ್ಟ್ರೇಲಿಯಾದಲ್ಲಿ ಎಣಿಸಿದವರಿಗೆ ಸಂಖ್ಯೆ ಕುಸಿದದ್ದು ಕಂಡಿತು. ಪಕ್ಕದ ಕೆಸರಲ್ಲಿ ಆಗಲೇ ಬೇರೆ ಹಕ್ಕಿಗಳು ಮೇಯುತ್ತಿರುತ್ತವೆ ಅನ್ನುವುದು ಒಂದು ಉಬ್ಬರದ ಉದ್ದಕ್ಕೂ ಕೂತು ನೋಡಿದ ಯಾರಿಗಾದರೂ ಗೊತ್ತಿರುವ ವಿಷಯ.

ಅದೇ ಸಮುದ್ರದ ಚೀನಾ ಕಡೆಯಿಂದ ಒಂದು ಒಳ್ಳೆಯ ಸುದ್ದಿಯೂ ಇದೆ. 2018ರಲ್ಲಿ ಅಲ್ಲಿ ಕಡಲು ತುಂಬಿಸುವ ಯೋಜನೆಗಳಿಗೆ ದೊಡ್ಡ ಮಟ್ಟದಲ್ಲಿ ತಡೆ ಬಿತ್ತು. 2019ರಲ್ಲಿ ಕೆಲವು ಕೆಸರು ಬಯಲುಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನನಗೆ ಇದಕ್ಕಿಂತ ಇಷ್ಟವಾದದ್ದು ತಿಯಾವ್‌ಝಿನಿ ಎಂಬಲ್ಲಿ 2020ರಲ್ಲಿ ಮಾಡಿದ ಸಣ್ಣ ಕೆಲಸ. ಅಲ್ಲಿ ಕೆಸರು ಬಯಲು ಚೆನ್ನಾಗಿಯೇ ಇತ್ತು. ಉಬ್ಬರ ಬಂದಾಗ ಹಕ್ಕಿಗೆ ನಿಲ್ಲಲು ಜಾಗ ಇರಲಿಲ್ಲ, ಒಡ್ಡಿನ ಹಿಂದೆ ಪೂರ್ತಿ ಮೀನಿನ ಹೊಂಡ. ಅದರಲ್ಲಿ 48 ಹೆಕ್ಟೇರಿನಷ್ಟನ್ನು ಬಿಡಿಸಿಕೊಂಡು, ನೀರು ತಗ್ಗಿಸಿ, ಗಿಡಗಂಟಿ ತೆಗೆದು, ಬರೀ ನಿಲ್ಲುವ ಜಾಗ ಮಾಡಿಕೊಟ್ಟರು. ಸಾವಿರಾರು ಹಕ್ಕಿ ಬಂದು ನಿಂತವು. ಅಳಿವಿನಂಚಿನಲ್ಲಿರುವ ಚಮಚ ಕೊಕ್ಕಿನ ಸ್ಯಾಂಡ್‌ಪೈಪರ್ ಕೂಡ ಅವುಗಳಲ್ಲಿ ಸೇರಿತ್ತು.

ನಮ್ಮ ಕಾವಲುಗಾರರು ತೋರಿಸಿದ ದಿಣ್ಣೆ ಸಂರಕ್ಷಿತ ಗಡಿಯ ಹೊರಗಿದೆ. ಗಡಿ ಬರೆದವರು ಇಳಿತದ ಹೊತ್ತಿಗೆ ಬಂದು, ಹಕ್ಕಿ ಮೇಯುವ ಬಯಲು ನೋಡಿ, ಅಲ್ಲಿಗೆ ಗೆರೆ ಎಳೆದಿರಬೇಕು. ವೀಕ್ಷಣಾ ಗೋಪುರವೂ ಬಯಲಿನ ಕಡೆಗೇ ಮುಖ ಮಾಡಿದೆ. ಈಗ ಅಲ್ಲಿ ಎಣಿಸುವ ನಾವು ಕೆಲವರು ಹಾಳೆಯಲ್ಲಿ ಇನ್ನೊಂದು ಕಾಲಂ ಸೇರಿಸಿಕೊಂಡಿದ್ದೇವೆ: ಉಬ್ಬರದಲ್ಲಿ ಎಲ್ಲಿ ನಿಂತಿದ್ದವು, ಎಷ್ಟು, ಯಾರು ಎಬ್ಬಿಸಿದರು. ಹಿಂದಿನ ವರ್ಷಗಳ ಹಾಳೆಗಳನ್ನು ಜೋಡಿಸಿ ಗಡಿಗೆ ದಿಣ್ಣೆಯನ್ನೂ ಸೇರಿಸಿ ಅಂತ ಪತ್ರ ಕೊಟ್ಟಿದ್ದೇವೆ. ಇನ್ನೂ ಉತ್ತರ ಬಂದಿಲ್ಲ. ಜನವರಿಯ ಎಣಿಕೆ ಮುಗಿದ ಮೇಲೆ ಹೊಸ ಅಂಕಿಗಳನ್ನು ಹಾಕಿ ಮತ್ತೆ ಕೊಡಬೇಕು. ಅಷ್ಟರಲ್ಲಿ ದಿಣ್ಣೆಯ ಮೇಲೆ ಯಾರೂ ನಡೆಯದ ಹಾಗೆ ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಲು ಒಪ್ಪಿಗೆ ಸಿಕ್ಕರೂ ಸದ್ಯಕ್ಕೆ ಸಾಕು.